ದೊಡ್ಡವ್ವ ಮೊದಲ ಕೂಗಿಗೆ ಒಪ್ಪುವವಳಲ್ಲ

ರಾಮನಗರದಲ್ಲಿ ನಾನು ಪತ್ರಿಕೆಯ ವರದಿಗಾರನಾಗಿದ್ದ ಕಾಲಕ್ಕೆ ದಿನದ ಮೊದಲ ಸುದ್ದಿ ರೇಷ್ಮೆಗೂಡಿನ ಮಾರುಕಟ್ಟೆಯದು. ಗೂಡಿನ ಅತಿ ಹೆಚ್ಚಿನ ಬೆಲೆ, ಅತಿ ಕಡಿಮೆ ಬೆಲೆ, ಸರಾಸರಿ, ಇವಿಷ್ಟನ್ನು ಮಧ್ಯಾಹ್ನದೊಳಗೆ ಬೆಂಗಳೂರಿನ ಕಚೇರಿಗೆ ಫೋನಿನಲ್ಲಿ ಓದಿ ಹೇಳಬೇಕು. ಮಂತ್ರಿಗಳು ಬಂದರೂ ಹೋದರೂ ಆ ಸಾಲುಗಳು ತಪ್ಪುವ ಹಾಗಿರಲಿಲ್ಲ. ರೇಷ್ಮೆಗೆ ಸುಗ್ಗಿಯ ವರ್ಷಗಳವು. ರಾಗಿ ಹೊಲಗಳು ಹಿಪ್ಪುನೇರಳೆ ತೋಟಗಳಾಗಿದ್ದವು. ಮಾಗಡಿ, ಕನಕಪುರ, ಚನ್ನಪಟ್ಟಣದ ಕಡೆಯ ಬಸ್ಸುಗಳ ಟಾಪಿನ ತುಂಬ ಗೂಡಿನ ಚೀಲಗಳು. ಬಸ್ಸು ನಿಂತರೆ ಜನರಿಗಿಂತ ಮೊದಲು ಚೀಲ ಇಳಿಯುತ್ತಿದ್ದವು.

ಆ ಚೀಲಗಳ ಹಿಂದೆ ಬೆಳೆಗೊಮ್ಮೆ ನನ್ನ ದೊಡ್ಡವ್ವ ಇಳಿಯುತ್ತಿದ್ದಳು. ನನ್ನ ತಂದೆಯ ಅಣ್ಣನ ಹೆಂಡತಿ; ಮಾಗಡಿ ರಸ್ತೆಯ ಹಳ್ಳಿಯವಳು. ಗೂಡು ಮಾರಲು ಬರುವವರು ಬಹುಪಾಲು ಗಂಡಸರೇ. ಇವಳು ಬರುತ್ತಿದ್ದುದಕ್ಕೆ ಕಾರಣ ದೊಡ್ಡಪ್ಪ. ಅವನದು ಸಂಕೋಚದ ಸ್ವಭಾವ. ಯಾರಾದರೂ ಒಂದು ಬೆಲೆ ಕೂಗಿದರೆ, ಬೇಡ ಅಂದರೆ ಅವರು ಬೇಸರ ಮಾಡಿಕೊಂಡಾರು ಎಂದು ಒಪ್ಪಿಬಿಡುತ್ತಿದ್ದ. ಹಾಗೆ ಒಂದೆರಡು ಬೆಳೆ ಹೋದ ಮೇಲೆ ದೊಡ್ಡವ್ವ ಅವನನ್ನು ಹುಳ ನೋಡಿಕೊಳ್ಳಲು ಮನೆಯಲ್ಲಿ ಬಿಟ್ಟು ತಾನೇ ಬಸ್ಸು ಹತ್ತಿದಳು.

ಮಾರುಕಟ್ಟೆಯ ಪದ್ಧತಿಯನ್ನು ಇಲ್ಲಿ ಹೇಳಿಬಿಡಬೇಕು. ರೈತ ತನ್ನ ಗೂಡನ್ನು ಒಂದು ತೊಟ್ಟಿಗೆ ಸುರಿದು ಪಕ್ಕದಲ್ಲಿ ಕೂರುತ್ತಾನೆ. ಅದು ಅವನ ಲಾಟು. ಕೊಳ್ಳುವ ರೀಲರುಗಳು, ಅಂದರೆ ಗೂಡಿನಿಂದ ನೂಲು ತೆಗೆಯುವವರು, ತೊಟ್ಟಿಯಿಂದ ತೊಟ್ಟಿಗೆ ತಿರುಗುತ್ತಾರೆ; ಗೂಡನ್ನು ಹಿಚುಕುತ್ತಾರೆ, ಕಿವಿಯ ಹತ್ತಿರ ಅಲ್ಲಾಡಿಸುತ್ತಾರೆ. ಆಮೇಲೆ ಎಲ್ಲರ ಎದುರಿಗೆ ಬೆಲೆ ಕೂಗುತ್ತಾರೆ. ಬೆಲೆ ಒಪ್ಪಿಗೆಯಾದರೆ ಲಾಟು ಬಿಟ್ಟುಕೊಡುವುದು, ಇಲ್ಲವಾದರೆ ಇನ್ನೊಂದು ಸುತ್ತಿಗೆ ಕಾಯುವುದು. ದೊಡ್ಡವ್ವ ಯಾವತ್ತೂ ಮೊದಲ ಸುತ್ತಿಗೆ ಬಿಟ್ಟವಳಲ್ಲ.

"ಅಮ್ಮೋ, ನಿನ್ ಗೂಡಿಗೇನು ಚಿನ್ನದ ಎಳೆ ಐತಾ?" ಎಂದು ರೀಲರೊಬ್ಬರು ಕೆಣಕಿದರೆ, "ಅದು ಬಿಚ್ಚಿದ್ಮೇಲೆ ಗೊತ್ತಾಯ್ತದೆ. ನೀನು ಮುಂದ್ಕೆ ನಡಿಯಪ್ಪ, ನೆಳ್ಳು ಬೀಳ್ತೈತೆ" ಎನ್ನುವಳು.

ಮಾರಾಟ ಮುಗಿದ ಮೇಲೆ ನಾವಿಬ್ಬರೂ ಹತ್ತಿರದ ಮುದ್ದೆ ಹೋಟೆಲಿಗೆ ಹೋಗುತ್ತಿದ್ದೆವು. ಅಲ್ಲಿಯ ಬಸ್ಸಾರಿನ ಖಾರಕ್ಕೆ ಲಾರಿ ಡ್ರೈವರುಗಳೂ ಮೂಗೊರೆಸಿಕೊಳ್ಳುತ್ತಿದ್ದರು. ದೊಡ್ಡವ್ವ ಎರಡು ಸಲ ಹಾಕಿಸಿಕೊಳ್ಳುವಳು. ಒಂದು ದಿನ ಅವಳು ಸಾರು ಬೇಡವೆಂದು ಮುದ್ದೆಗೆ ಮಜ್ಜಿಗೆ ಹಾಕಿಸಿಕೊಂಡಳು.

"ಯಾಕೆ ದೊಡ್ಡವ್ವ?"

"ಬಾಯಿ ಉರೀತೈತೆ ಕಣ್ಲಾ. ಎಲೆಗೆ ಸುಣ್ಣ ಜಾಸ್ತಿ ಆಗಿರ್ಬೇಕು."

"ಯಾವಾಗಿಂದ?"

"ಎರಡು ಬೆಳೆ ಆಯ್ತು."

ಅವಳ ಎಡಗೆನ್ನೆಯೊಳಗೆ ಎಲೆ, ಅಡಿಕೆ, ಹೊಗೆಸೊಪ್ಪಿನ ಉಂಡೆ ಸದಾ ಇರುತ್ತಿತ್ತು. ಇರದಿರುತ್ತಿದ್ದುದು ಹುಳದ ಮನೆಯಲ್ಲಿ ಮಾತ್ರ. ಹೊಗೆಸೊಪ್ಪು ಸೋಕಿದರೆ ಹುಳ ಕಾರಿಕೊಂಡು ಸಾಯುತ್ತದೆ; ಆದ್ದರಿಂದ ಒಳಗೆ ಹೋಗುವ ಮುಂಚೆ ಉಗುಳಿ, ಬಾಯಿ ಮುಕ್ಕಳಿಸಿ, ಕೈ ತೊಳೆಯುವಳು. ಹೊರಗೆ ಬಂದ ತಕ್ಷಣ ಸಂಚಿ ಬಿಚ್ಚುವಳು. ಆ ದಿನ ಅವಳು ಬಾಯಿ ತೆರೆದು ತೋರಿಸಿದಾಗ, ಉಂಡೆ ಕೂರುವ ಜಾಗದಲ್ಲೇ ಒಂದು ಬಿಳಿ ಮಚ್ಚೆಯಿತ್ತು, ಅದರ ನಡುವೆ ಕೆಂಪಗೆ ಒಂದು ಹುಣ್ಣು. ಇದನ್ನು ಡಾಕ್ಟರಿಗೆ ತೋರಿಸಬೇಕು ಅನ್ನಿಸಿತು.

ಊರಿನಲ್ಲಿ ಒಂದು ಧರ್ಮಾಸ್ಪತ್ರೆಯಿತ್ತು. ಅಲ್ಲಿ ವಾರಕ್ಕೊಂದು ದಿನ ಕ್ಯಾನ್ಸರ್ ತಪಾಸಣೆ. ನಡೆಸುತ್ತಿದ್ದವರು ಅಲ್ಲಿಯೇ ಇದ್ದ ಒಬ್ಬ ಮಹಿಳಾ ವೈದ್ಯರು. ಜನ ಅವರನ್ನು ಡಾಕ್ಟ್ರಮ್ಮ ಎನ್ನುತ್ತಿದ್ದರು. ಅವರ ಜೊತೆಗೆ ಬೆಂಗಳೂರಿನಿಂದ ಇಬ್ಬರು ಬರುತ್ತಿದ್ದರು: ಒಬ್ಬರು ಶಸ್ತ್ರಚಿಕಿತ್ಸೆಯವರು, ಇನ್ನೊಬ್ಬರು ವಿಕಿರಣದವರು. ಊರಿನ ಬಾಯಲ್ಲಿ ಇವರು ಕೊಯ್ಯೋ ಡಾಕ್ಟ್ರು ಮತ್ತು ಕರೆಂಟ್ ಡಾಕ್ಟ್ರು.

ಮುಂದಿನ ತಪಾಸಣೆಯ ದಿನ ದೊಡ್ಡವ್ವನನ್ನು ಕರೆಸಿ, ಚೀಟಿಯ ಸಾಲಿನಲ್ಲಿ ನಿಲ್ಲಿಸಿ ನಾನು ಬೆಲೆ ಫೋನು ಮಾಡಲು ಹೋದೆ. ವಾಪಸು ಬಂದಾಗ ಅವಳಿರಲಿಲ್ಲ. ಮುಂದಿನ ಭಾನುವಾರ ಹಳ್ಳಿಗೆ ಹೋಗಿ ಕೇಳಿದೆ.

"ನಾಲ್ಕು ರೂಮು ತೋರ್ಸುದ್ರು ಕಣ್ಲಾ. ಎರಡು ನೋಡ್ದೆ. ಮೂರ್ನೇದು ಹಿಂದ್ಲು ಕಟ್ಟಡದಾಗೆ ಅಂದ್ರು, ಅಲ್ಲಿ ಬೀಗ. ಸಂಜೆ ಹುಳಕ್ಕೆ ಸೊಪ್ಪು ಹಾಕ್ಬೇಕಾಗಿತ್ತು, ಬಂದ್ಬುಟ್ಟೆ."

ನಾನು ಡಾಕ್ಟ್ರಮ್ಮನವರ ಹತ್ತಿರ ಹೋಗಿ ಕ್ಷಮೆ ಕೇಳುವ ದನಿಯಲ್ಲಿ ಇದನ್ನು ಹೇಳಿದೆ. ಅವರಿಗೆ ಆಶ್ಚರ್ಯವಾಗಲಿಲ್ಲ. "ಇದು ನಿಮ್ಮ ದೊಡ್ಡಮ್ಮನ ಕತೆ ಮಾತ್ರ ಅಲ್ಲ. ಬರ್ತಾರೆ, ಒಂದು ರೂಮಿಂದ ಇನ್ನೊಂದು ರೂಮಿಗೆ ಹೋಗೋವಾಗ ಮಾಯ ಆಗ್ತಾರೆ. ಪಕ್ಕದ ಮಾರ್ಕೆಟ್ಟಲ್ಲಿ ಇದೇ ಜನ ಬೆಳಗಿಂದ ಕೂತಿರ್ತಾರಲ್ಲ, ಅಲ್ಲಿ ಯಾಕೆ ಎದ್ದು ಹೋಗಲ್ಲ?" ಎಂದರು.

ಬೇಕಾದರೆ ಬಂದು ನೋಡಿ ಎಂದೆ. ಅವರು ಮಾರನೆಯ ದಿನವೇ ಬಂದರು. ಹಸಿ ಗೂಡಿನ ವಾಸನೆ ಅಭ್ಯಾಸವಿಲ್ಲದೆ ಮೂಗಿಗೆ ಸೆರಗು ಹಿಡಿದು, ಒಂದು ಕಂಬಕ್ಕೆ ಒರಗಿ, ಹರಾಜು ಮುಗಿಯುವವರೆಗೂ ನಿಂತಿದ್ದರು. ಹೊರಗೆ ಬಂದ ಮೇಲೆ ಹೇಳಿದ್ದು ಇಷ್ಟು: "ಇಲ್ಲಿ ರೈತ ಕೂತಿದ್ದಾನೆ, ಕೊಳ್ಳೋರು ತಿರುಗ್ತಾರೆ. ನಮ್ಮಲ್ಲಿ ನಾವು ಕೂತಿದೀವಿ, ಕಾಯಿಲೆಯವರು ತಿರುಗ್ತಾರೆ."

ಮುಂದಿನ ವಾರ ಆಸ್ಪತ್ರೆಯ ವರಾಂಡದಲ್ಲಿ ಒಂದು ಉದ್ದ ಬೆಂಚು ಬಂತು. ಬಂದವರು ಅದರ ಮೇಲೆ ಕೂರುವುದು. ಚೀಟಿ ಬರೆಯುವವರು, ನರ್ಸು, ಡಾಕ್ಟರುಗಳು ಅವರ ಹತ್ತಿರ ಬರುವುದು. ಎದೆಯ ಪರೀಕ್ಷೆ ಆಗಬೇಕಾದ ಹೆಂಗಸರಿಗೆ ವರಾಂಡದ ಕೊನೆಯಲ್ಲಿ ದಪ್ಪ ಪರದೆಯ ಮರೆ. ಚೂರು ತೆಗೆದು ಪರೀಕ್ಷೆಗೆ ಕಳಿಸುವುದಿದ್ದರೆ ಅದೂ ಅವತ್ತೇ, ಪಕ್ಕದ ಕೋಣೆಯಲ್ಲೇ. ಹಿರಿಯ ನರ್ಸೊಬ್ಬರಿಗೆ ಇದು ಸರಿಬರಲಿಲ್ಲ. "ಅಲ್ಲ ಮೇಡಂ, ಅಷ್ಟು ದೊಡ್ಡ ಡಾಕ್ಟ್ರುಗಳು ನಡೆದಾಡಬೇಕಾ?" ಎಂದರು.

"ನಡೀಲಿ ಬಿಡಿ ಸಿಸ್ಟರ್. ಇಬ್ಬರಿಗೂ ಹೊಟ್ಟೆ ಬಂದಿದೆ."

ದೊಡ್ಡವ್ವನನ್ನು ಎರಡನೆಯ ಸಲ ಕರೆತಂದಾಗ ನಾನು ಅವಳ ಪಕ್ಕದಲ್ಲೇ ಕೂತೆ. ಬೆಂಚು, ನರ್ಸು ಕೊಟ್ಟ ನಂಬರು, ತಿರುಗಾಡುವ ಡಾಕ್ಟರುಗಳು, ಎಲ್ಲವನ್ನೂ ನೋಡಿ ಅವಳ ಮುಖ ಅರಳಿತು. ಎಲ್ಲಿದ್ದೇನೆ ಎನ್ನುವುದು ಅವಳಿಗೆ ತಕ್ಷಣ ತಿಳಿದುಹೋಯಿತು. ಪಕ್ಕದಲ್ಲಿದ್ದ ಕನಕಪುರದ ಕಡೆಯ ಹೆಂಗಸಿಗೂ ತಿಳಿದಿತ್ತು.

"ಅಕ್ಕ, ನಿನ್ ಲಾಟು ಎಲ್ಲಿದು?"

"ಮಾಗಡಿ ಕಡೇದು ಕಣವ್ವ. ನಿಂದು?"

"ಕನಕಪುರದ್ದು. ಒಸಿ ನೆಟ್ಟಗೆ ಕೂತ್ಕೊ, ಹಳೇ ಗೂಡು ಅಂತ ರೇಟು ಇಳಿಸ್ಬುಟ್ಟಾರು."

ಬೆಂಚಿನ ಆ ತುದಿಯಿಂದ ಈ ತುದಿಯವರೆಗೆ ನಗು ಹರಿಯಿತು. ಆಸ್ಪತ್ರೆಯಲ್ಲಿ ಅಂಥ ನಗುವನ್ನು ಅದಕ್ಕೆ ಮುಂಚೆ ನಾನು ಕೇಳಿರಲಿಲ್ಲ. ಡಾಕ್ಟ್ರಮ್ಮ ಬಂದು ಟಾರ್ಚು ಹಿಡಿದು ಕೆನ್ನೆ ನೋಡಿ, ಚೂರು ತೆಗೆಯಬೇಕೆಂದರು. ದೊಡ್ಡವ್ವ ಒಪ್ಪಿದಳು. ಅವಳ ಲೆಕ್ಕದಲ್ಲಿ ಅದು ಹರಾಜಿಗೆ ಮುಂಚಿನ ಕೆಲಸ. ಕೊಳ್ಳುವವರು ಒಂದು ಗೂಡು ಕತ್ತರಿಸಿ ಒಳಗೆ ನೋಡುತ್ತಾರಲ್ಲ, ಹಾಗೆ.

ಮುಂದಿನ ವಾರ ಫಲಿತಾಂಶ ಬಂತು. ಕ್ಯಾನ್ಸರ್ ಹೌದು, ಆದರೆ ಚಿಕ್ಕದು, ಕೆನ್ನೆ ಬಿಟ್ಟು ಆಚೆ ಹೋಗಿಲ್ಲ. ಈಗಲೇ ತೆಗೆದರೆ ಪೂರ್ತಿ ವಾಸಿಯಾಗುವ ಸಂಭವ ಹೆಚ್ಚು, ತಡ ಮಾಡಿದರೆ ಆ ಮಾತು ಹೇಳಲಾಗುವುದಿಲ್ಲ ಎಂದು ಡಾಕ್ಟ್ರಮ್ಮ ನನ್ನನ್ನು ಪಕ್ಕಕ್ಕೆ ಕರೆದು ತಿಳಿಸಿದರು. ಅಂದರೆ ದೊಡ್ಡವ್ವ ಬೇಗ ಹೂಂ ಅನ್ನಬೇಕಿತ್ತು. ಉಳಿದದ್ದೆಲ್ಲ ಡಾಕ್ಟರುಗಳ ಕೈಯಲ್ಲಿತ್ತು, ಅದೊಂದು ಇರಲಿಲ್ಲ.

ಆ ದಿನ ನಡೆದದ್ದು ಹೀಗೆ. ಮೊದಲು ಕೊಯ್ಯೋ ಡಾಕ್ಟ್ರು ಬಂದು, ಕೆನ್ನೆಯ ಒಳಗಿನದನ್ನು ಕತ್ತರಿಸಿ ತೆಗೆಯಬೇಕು ಎಂದು ಹೇಳಿ ಮುಂದೆ ಹೋದರು. ಸ್ವಲ್ಪ ಹೊತ್ತಿಗೆ ಕರೆಂಟ್ ಡಾಕ್ಟ್ರು ಬಂದು, ಇಂಥದಕ್ಕೆ ಕರೆಂಟ್ ಕೊಟ್ಟರೂ ಕೆಲವು ಸಲ ಆಗುತ್ತದೆ, ನೋಡೋಣ ಎಂದರು. ಕೊನೆಗೆ ಡಾಕ್ಟ್ರಮ್ಮ ಬಂದು, ಮೊದಲು ಈ ಹೊಗೆಸೊಪ್ಪು ಬಿಡಬೇಕು ಎಂದು ಗದರಿಸಿದರು. ಮೂವರು ಹೇಳಿದ್ದೂ ಸರಿಯೇ. ಆದರೆ ಒಬ್ಬರು ಹೇಳಿದ್ದು ಇನ್ನೊಬ್ಬರಿಗೆ ಕೇಳಿಸಿರಲಿಲ್ಲ.

ದೊಡ್ಡವ್ವ ಎದ್ದು ಸೆರಗು ಸರಿಮಾಡಿಕೊಂಡಳು.

"ಮೂರು ಜನ ಕೂಗಾಯ್ತು. ಡಾಕ್ಟ್ರಮ್ಮಂದೇ ಸಲೀಸು. ಹೊಗೆಸೊಪ್ಪು ಬುಡು ಅಂದ್ರು, ಬುಟ್ಟೆ ಅಂದೆ. ಕೊಯ್ಯೋದು ಗಿಯ್ಯೋದು ಇನ್ನೊಂದು ಸುತ್ತು ಆಗ್ಲಿ, ನೋಡನ."

"ದೊಡ್ಡವ್ವ, ಇದು ಹರಾಜಲ್ಲ."

"ಮತ್ತೆ ನಂಬರ್ ಕೊಟ್ಟು ಕೂರ್ಸುದ್ರಲ್ಲ!"

ಅವಳನ್ನು ನೋಡಿ ಕನಕಪುರದ ಹೆಂಗಸೂ, ಚನ್ನಪಟ್ಟಣದ ಕಡೆಯ ಒಬ್ಬ ಹಿರಿಯರೂ "ನಾವೂ ಮುಂದಿನ ಸುತ್ತಿಗೆ ಬತ್ತೀವಿ" ಎಂದು ಎದ್ದರು. ಡಾಕ್ಟ್ರಮ್ಮ ಖಾಲಿಯಾದ ಬೆಂಚನ್ನು ನೋಡುತ್ತ, "ಅಲ್ಲ ರೀ, ಮೊದಲು ಅರ್ಧಕ್ಕೆ ಎದ್ದು ಹೋಗ್ತಿದ್ರು. ಈಗ ಪೂರ್ತಿ ಕೂತು, ಆಮೇಲೆ ಬೇಡ ಅಂತಾರೆ" ಎಂದರು. ಅವರಿಗೆ ನಗು ಬಂತು, ನನಗೆ ಬರಲಿಲ್ಲ. ಆ ವಾರ ನಾನು ಎರಡು ಸಲ ಹಳ್ಳಿಗೆ ಹೋದೆ. ಅವಳು ಹೊಗೆಸೊಪ್ಪನ್ನು ನಿಜವಾಗಿಯೂ ಬಿಟ್ಟಿದ್ದಳು, ಬಾಯಿಗೆ ಹುರಿಗಡಲೆ ಹಾಕಿಕೊಂಡಿದ್ದಳು. ಹುಣ್ಣು ಇದ್ದ ಹಾಗೆಯೇ ಇತ್ತು.

ಡಾಕ್ಟ್ರಮ್ಮ ಸುಮ್ಮನೆ ಕೂರುವವರಲ್ಲ. ಮೂವರು ಮೂರು ಮಾತು ಹೇಳುವುದರಿಂದಲೇ ಈ ಗೊಂದಲ ಎಂದು ಅವರಿಗೆ ಹೊಳೆದಿತ್ತು. ಮುಂದಿನ ವಾರ ಮೂವರೂ ಎಲ್ಲರ ಬಾಯಿ, ಎದೆ, ಕುತ್ತಿಗೆ ನೋಡಿದ ಮೇಲೆ ಒಂದು ಕೋಣೆಯೊಳಗೆ ಹೋಗಿ ಬಾಗಿಲು ಹಾಕಿಕೊಂಡರು. ಒಬ್ಬೊಬ್ಬ ರೋಗಿಗೂ ಏನು ಮಾಡಬೇಕೆಂದು ಮಾತಾಡಿ, ಒಂದೇ ತೀರ್ಮಾನ ಹೊರಗೆ ತರುವುದು ಅವರ ಯೋಚನೆ. ವೈದ್ಯಕೀಯವಾಗಿ ಅದು ಒಳ್ಳೆಯ ಕ್ರಮ.

ಬೆಂಚಿನ ಮೇಲೆ ಕೂತಿದ್ದ ದೊಡ್ಡವ್ವ ಮುಚ್ಚಿದ ಬಾಗಿಲನ್ನೇ ನೋಡುತ್ತಿದ್ದಳು. ಮೆಲ್ಲಗೆ ನನ್ನ ಮೊಣಕೈ ಹಿಡಿದಳು.

"ಕೂಡ್ಕೊಂಡ್ಬುಟ್ರು ಕಣ್ಲಾ."

"ಯಾರು?"

"ಇನ್ಯಾರು, ಡಾಕ್ಟ್ರುಗಳು. ಬಾಗ್ಲು ಹಾಕ್ಕೊಂಡು ರೇಟು ಕಟ್ತಾವ್ರೆ."

ಮಾರುಕಟ್ಟೆ ಗೊತ್ತಿದ್ದವರಿಗೆ ಇದು ಹುಡುಗಾಟದ ಮಾತಲ್ಲ. ಕೊಳ್ಳುವವರು ಹೊರಗೆ ಟೀ ಅಂಗಡಿಯಲ್ಲಿ ಮೊದಲೇ ಮಾತಾಡಿಕೊಂಡು ಬಂದು, ಒಳಗೆ ಒಬ್ಬನೇ ಕೂಗಿ ಉಳಿದವರು ಬಾಯಿ ಮುಚ್ಚಿಕೊಂಡಿದ್ದರೆ ರೈತನ ಕತೆ ಮುಗಿಯಿತು. ಅದನ್ನು ತಪ್ಪಿಸಲೆಂದೇ ಬಹಿರಂಗ ಹರಾಜು ಬಂದದ್ದು. ಬಾಗಿಲು ತೆರೆದು ಕೊಯ್ಯೋ ಡಾಕ್ಟ್ರು ಹೊರಗೆ ಬಂದು, "ಅಮ್ಮ, ನಾವು ಮೂರೂ ಜನ ಸೇರಿ ತೀರ್ಮಾನ ಮಾಡಿದೀವಿ" ಎಂದು ಶುರುಮಾಡಿದ್ದೇ ಸರಿ, ದೊಡ್ಡವ್ವ ಚೀಲ ಎತ್ತಿಕೊಂಡಳು.

"ನೀವು ಮಾಡ್ಕೊಂಡ್ರೆ ಆಯ್ತಾ ಬುದ್ಧಿ? ಲಾಟು ನಂದು. ಕೂಗೋದಿದ್ರೆ ನನ್ ಮುಂದೆ ಕೂಗಿ."

ಆ ಡಾಕ್ಟರಿಗೆ ಒಂದಕ್ಷರವೂ ತಿಳಿಯಲಿಲ್ಲ. ಅವರು ನನ್ನ ಕಡೆ ನೋಡಿದರು, ನಾನು ಡಾಕ್ಟ್ರಮ್ಮನ ಕಡೆ ನೋಡಿದೆ. ಒಂದು ಬೆಳಗ್ಗೆ ಪೂರ್ತಿ ಮಾರುಕಟ್ಟೆಯ ಕಂಬಕ್ಕೆ ಒರಗಿ ನಿಂತಿದ್ದವರು ಅವರೊಬ್ಬರೇ. ಒಂದು ಗಳಿಗೆ ಯೋಚಿಸಿ, "ಸಿಸ್ಟರ್, ಮೂರು ಕುರ್ಚಿ ತನ್ನಿ. ಇಲ್ಲೇ, ಇವರ ಮುಂದೆ" ಎಂದರು. ಆಮೇಲೆ ದೊಡ್ಡವ್ವನನ್ನು ಕೇಳಿದರು: "ಎಲ್ಲರ ಎದುರಿಗೆ ಆಗಬಹುದಾ, ಇಲ್ಲಾ ಪರದೆ ಹಿಂದೆ ಹೋಗೋಣವಾ?"

"ಮರೆ ಯಾಕವ್ವ? ಎಲ್ರು ಮುಂದೇನೆ ಆಗ್ಲಿ."

ಮೂವರು ವೈದ್ಯರು ಕುರ್ಚಿ ಹಾಕಿಕೊಂಡು ಅವಳ ಎದುರಿಗೆ ಕೂತರು. ಮೊದಮೊದಲು ಇಂಗ್ಲಿಷಿನಲ್ಲಿ ಶುರುಮಾಡಿದರು. ದೊಡ್ಡವ್ವ ಕೆಮ್ಮಿದಳು. ಕನ್ನಡಕ್ಕೆ ಬಂದರು.

ಕೊಯ್ಯೋ ಡಾಕ್ಟ್ರು ತೆಗೆದೇ ಬಿಡಬೇಕೆಂದರು. ಕರೆಂಟ್ ಡಾಕ್ಟ್ರು, "ಕರೆಂಟಿನಿಂದಲೂ ಆಗಬಹುದು. ಆದರೆ ಹಲವು ವಾರ ದಿನಾ ಬೆಂಗಳೂರಿಗೆ ಬರಬೇಕಾಗುತ್ತೆ" ಎಂದರು.

"ದಿನಾನಾ?" ದೊಡ್ಡವ್ವ ನಡುವೆ ಬಾಯಿ ಹಾಕಿದಳು. "ಹುಳಕ್ಕೆ ಸೊಪ್ಪು ಯಾರು, ನೀವು ಬಂದು ಹಾಕ್ತೀರಾ?"

ಬೆಂಚು ನಕ್ಕಿತು. ಕರೆಂಟ್ ಡಾಕ್ಟ್ರೂ ನಕ್ಕರು. "ನನಗೆ ಬರಲ್ಲಮ್ಮ. ಅದಕ್ಕೇ ನಿಮ್ಮ ವಿಷಯದಲ್ಲಿ ನಾನು ಇವರ ಮಾತೇ ಸರಿ ಅಂತೀನಿ. ಚಿಕ್ಕದಿದೆ, ಕೊಯ್ದು ತೆಗೆದರೆ ಒಂದೇ ಸಲಕ್ಕೆ ಮುಗಿಯಬಹುದು. ತೆಗೆದದ್ದನ್ನ ಪರೀಕ್ಷೆ ಮಾಡಿ ಇನ್ನೂ ಬೇಕು ಅನ್ನಿಸಿದರೆ ಆಮೇಲೆ ನಾನಿದ್ದೀನಿ."

"ಬಾಯಿ ಸೊಟ್ಟ ಆಯ್ತದಾ?" ಎಂದು ದೊಡ್ಡವ್ವ ಕೊಯ್ಯೋ ಡಾಕ್ಟ್ರನ್ನು ಕೇಳಿದಳು.

"ಸೊಟ್ಟ ಆಗಲ್ಲ. ಸ್ವಲ್ಪ ದಿನ ಬಿಗಿಯಾಗಿರುತ್ತೆ. ದಿನಾ ಬಾಯಿ ತೆರೆಯೋ ಅಭ್ಯಾಸ ಮಾಡಬೇಕು."

"ಮಾತಾಡ್ಬೌದಾ?"

"ಮೊದಲು ಸ್ವಲ್ಪ ದಿನ ಆಗಲ್ಲ."

"ಅದೇ ಕಷ್ಟ" ಎಂದು ಕನಕಪುರದ ಹೆಂಗಸು ಹೇಳಿದಳು. ಮತ್ತೆ ನಗು.

ಇನ್ನು ಉಳಿದದ್ದು ಯಾವಾಗ ಎನ್ನುವುದು. ಈ ಬೆಳೆ, ಇದರ ಮುಂದಿನ ಬೆಳೆ ಎರಡೂ ಮುಗಿಸಿಕೊಂಡು ಬರುತ್ತೇನೆ ಎಂದು ದೊಡ್ಡವ್ವ ಶುರುಮಾಡಿದಳು. ಕೊಯ್ಯೋ ಡಾಕ್ಟ್ರು ನಾಳೆಯೇ ಬನ್ನಿ ಎಂದರು. ಅವಳು ಒಂದು ಬೆಳೆ ಬಿಟ್ಟಳು. ಅವರು ಈ ವಾರದ ಕೊನೆ ಎಂದರು. ಹುಳ ಆಗ ಕೊನೆಯ ಹಂತದ ಮೇವಿನಲ್ಲಿದ್ದವು. ಹುಳ ಹಣ್ಣಾದರೆ ಅವನ್ನು ಬಿದಿರಿನ ಚಂದ್ರಿಕೆಗೆ ಬಿಡಬೇಕು. ಅಲ್ಲಿ ಅವು ಗೂಡು ಕಟ್ಟತೊಡಗಿದ ಮೇಲೆ ಮನೆಯವರಿಗೆ ಬಿಡುವು.

"ಚಂದ್ರಿಕೆಗೆ ಬುಟ್ಟು ಬತ್ತೀನಿ. ಅದ್ಕಿಂತ ಮುಂಚೆ ಆಗಾಕಿಲ್ಲ."

"ಅಂದರೆ ಯಾವಾಗ?"

"ಮುಂದಿನ ವಾರ ನೀವಿಲ್ಲಿಗೆ ಬರೋ ಹೊತ್ಗೆ ಬುಟ್ಟಿರ್ತೀನಿ."

ಕೊಯ್ಯೋ ಡಾಕ್ಟ್ರು ಉಳಿದಿಬ್ಬರ ಮುಖ ನೋಡಿದರು. ಇಬ್ಬರೂ ತಲೆಯಾಡಿಸಿದರು, ಅದೂ ಅವಳ ಎದುರಿಗೇ. ದೊಡ್ಡವ್ವ ಚೀಲವನ್ನು ಕೆಳಗಿಟ್ಟಳು.

"ಸರಿ. ಲಾಟು ಬುಟ್ಟೆ."

ಹಿರಿಯ ನರ್ಸು ಚಪ್ಪಾಳೆ ತಟ್ಟಿದರು. ಡಾಕ್ಟರುಗಳು ನಡೆದಾಡಬಾರದು ಎಂದಿದ್ದವರು ಇವರೇ ಎಂಬುದನ್ನು ದಾಖಲಿಸುತ್ತೇನೆ. ಆ ದಿನದಿಂದ ಮೂರು ಕುರ್ಚಿಗಳು ವರಾಂಡದಲ್ಲೇ ಉಳಿದವು. ಬೇಕೆಂದವರಿಗೆ ಬೆಂಚಿನ ಮುಂದೆ, ಬೇಡವೆಂದವರಿಗೆ ಪರದೆಯ ಹಿಂದೆ, ಮಾತು ಮಾತ್ರ ರೋಗಿಯ ಕಣ್ಣೆದುರಿಗೇ. ಚನ್ನಪಟ್ಟಣದ ಹಿರಿಯರೂ ಅವತ್ತೇ ಒಪ್ಪಿಕೊಂಡರು. ಕನಕಪುರದ ಹೆಂಗಸಿಗೆ ಔಷಧಿಯಲ್ಲೇ ಮುಗಿಯಿತು.

ದೊಡ್ಡವ್ವ ಮಾತಿಗೆ ತಪ್ಪಲಿಲ್ಲ. ಹಣ್ಣಾದ ಹುಳಗಳನ್ನು ಚಂದ್ರಿಕೆಗೆ ಬಿಟ್ಟು, ಸ್ನಾನ ಮಾಡಿ, ಕೊಯ್ಯೋ ಡಾಕ್ಟ್ರ ಕಾರಿನಲ್ಲೇ ಬೆಂಗಳೂರಿಗೆ ಹೋದಳು. ಕಾರು ಹತ್ತಿದ್ದು ಅದೇ ಮೊದಲು. ಬಿಡದಿ ದಾಟುವವರೆಗೂ ಡಾಕ್ಟರಿಗೆ ಹುಳ ಸಾಕುವುದು ಹೇಗೆಂದು ವಿವರಿಸಿದಳಂತೆ. ಇದನ್ನು ನಾನು ಕಂಡಿಲ್ಲ, ಡಾಕ್ಟರು ಹೇಳಿದ್ದು.

ಆಪರೇಷನ್ ಚೆನ್ನಾಗಿ ಆಯಿತು. ನಾನೂ ದೊಡ್ಡಪ್ಪನೂ ನೋಡಲು ಹೋದಾಗ ಅವಳ ಮೂಗಿನಲ್ಲಿ ಊಟದ ನಳಿಕೆ, ಕೆನ್ನೆಗೆ ಪಟ್ಟಿ. ಮಾತಿಲ್ಲ. ಕಣ್ಣು ಮಾತ್ರ ಎಂದಿನಂತಿತ್ತು. ಏನನ್ನೋ ಹಿಚುಕುವಂತೆ ಬೆರಳು ಮಡಚಿ ಕೈಯನ್ನು ಕಿವಿಯ ಹತ್ತಿರ ಅಲ್ಲಾಡಿಸಿ ತೋರಿಸಿದಳು: ಗೂಡು ಏನಾಯ್ತು?

"ಮಾರ್ದೆ" ಎಂದ ದೊಡ್ಡಪ್ಪ, ನೆಲ ನೋಡುತ್ತ.

ಅವಳು ಬೆರಳಿನಿಂದ ಗಾಳಿಯಲ್ಲಿ ಸುತ್ತು ಬರೆದು ಹುಬ್ಬೇರಿಸಿದಳು: ಎಷ್ಟನೇ ಸುತ್ತಿಗೆ?

ದೊಡ್ಡಪ್ಪ ನನ್ನ ಕಡೆ ನೋಡಿದ. ನಾನು ಕಿಟಕಿಯ ಕಡೆ ನೋಡಿದೆ. ಅವನು ಒಂದು ಬೆರಳು ಎತ್ತಿದ.

ದೊಡ್ಡವ್ವ ದಿಂಬಿನಿಂದ ಮೇಲೆದ್ದು ಎರಡೂ ಕೈಯಲ್ಲಿ ಅವನಿಗೆ ಏನೇನು ಹೇಳಿದಳೆಂದರೆ, ಪಕ್ಕದ ಹಾಸಿಗೆಯವರೂ ಅವರನ್ನು ನೋಡಲು ಬಂದವರೂ ಬಿದ್ದುಬಿದ್ದು ನಕ್ಕರು. ವಾರ್ಡಿನ ನರ್ಸು ಓಡಿಬಂದು ಅವಳನ್ನು ಮಲಗಿಸಬೇಕಾಯಿತು. "ಬೈಸ್ಕೊಳಕ್ಕೂ ಭಾಗ್ಯ ಬೇಕು ಕಣಪ್ಪ" ಎಂದು ದೊಡ್ಡಪ್ಪ ಹೊರಗೆ ಬಂದು ಟವೆಲಿನಿಂದ ಕಣ್ಣೊರೆಸಿಕೊಂಡ. ಅವನೂ ನಗುತ್ತಿದ್ದ.

ತೆಗೆದದ್ದರ ಅಂಚು ಪೂರ್ತಿ ಶುದ್ಧವಾಗಿದೆ, ಕರೆಂಟಿನ ಅಗತ್ಯವಿಲ್ಲ ಎಂದು ಪರೀಕ್ಷೆಯ ವರದಿ ಬಂತು. ಅದನ್ನೂ ಮೂವರು ಕುರ್ಚಿ ಹಾಕಿಕೊಂಡು ಅವಳ ಎದುರಿಗೇ ಹೇಳಿದರು. ಬಾಯಿ ತೆರೆಯುವ ಅಭ್ಯಾಸವನ್ನು ಅವಳು ಹುಳದ ಮನೆಯಲ್ಲಿ ಸೊಪ್ಪು ಹಾಕುತ್ತ ಮಾಡುತ್ತಿದ್ದಳು. ಒಂದೊಂದು ತಟ್ಟೆಗೆ ಒಂದೊಂದು ಸಲ ಆಕಳಿಕೆ.

ಮುಂದಿನ ಬೆಳೆಗೆ ಅವಳೇ ಚೀಲದ ಜೊತೆ ಬಸ್ಸಿಳಿದಳು. ಅವಳನ್ನು ಕೆಣಕುತ್ತಿದ್ದ ರೀಲರು ತೊಟ್ಟಿಯ ಮುಂದೆ ನಿಂತು, "ಬಂದ್ಯಾ ತಾಯಿ? ಹೋದ ಸಲ ನಿಮ್ಮೆಜಮಾನ್ರು ಬಂದಿದ್ರು, ಬಾಳ ಒಳ್ಳೇ ಮನ್ಸ" ಎಂದರು.

"ಒಳ್ಳೇ ಮನ್ಸನ್ನ ಮನೇಲಿ ಬುಟ್ಟು ಬಂದಿವ್ನಿ. ಕೂಗು, ನೋಡನ."

ಎರಡು ಸುತ್ತು ಕಾಯಿಸಿ, ಮೂರನೆಯದಕ್ಕೆ ಲಾಟು ಬಿಟ್ಟಳು. ಆ ದಿನದ ಅತಿ ಹೆಚ್ಚಿನ ಬೆಲೆ ಅವಳದಲ್ಲ. ಅವಳು ಕೇಳಿದ್ದಕ್ಕೆ ನಾನು ನಿಜವನ್ನೇ ಹೇಳಿದೆ. ಫೋನು ಮುಗಿಸಿ ಮುದ್ದೆ ಹೋಟೆಲಿಗೆ ಹೋದೆವು. ಬಡಿಸುವವನು ಹಿಂದಿನ ಸಲದ ನೆನಪಿನಲ್ಲಿ ಮಜ್ಜಿಗೆಯ ಚೊಂಬು ಹಿಡಿದು ಬಂದ. ದೊಡ್ಡವ್ವ ಅವನ ಕೈ ತಡೆದಳು.

"ಸಾರು ತಗಂಬಾ."

ಒಂದು ಸಲ ಹಾಕಿಸಿಕೊಂಡಳು. ಬಲಗೆನ್ನೆಯ ಕಡೆಯಿಂದ ನಿಧಾನವಾಗಿ ಉಂಡಳು. ಕಣ್ಣಲ್ಲಿ, ಮೂಗಲ್ಲಿ ನೀರು. ಸೆರಗಿನಿಂದ ಒರೆಸಿಕೊಂಡು, ತಟ್ಟೆ ಮುಂದೆ ತಳ್ಳಿ, ಅವನನ್ನು ಇನ್ನೊಮ್ಮೆ ಕರೆದಳು.